ಎಣಿಸದ ಎಸೆತಗಳು



ತಿಪಟೂರಿನ ಮಾರುಕಟ್ಟೆಗೆ ಬರುವ ಕೊಬ್ಬರಿಯ ಪ್ರತಿ ಚೀಲಕ್ಕೂ ತೂಕವಿದೆ, ಚೀಟಿಯಿದೆ, ಬರೆದಿಡುವ ಪುಸ್ತಕವಿದೆ. ಕಳೆದ ಸಲ ತೋಟದಲ್ಲಿ ಎಷ್ಟು ಕಾಯಿ ಇಳಿಯಿತು ಎಂದು ಕೇಳಿದರೆ ಮಾಯಸಂದ್ರ ಹೋಬಳಿಯ ಯಾವ ರೈತರೂ ಪುಸ್ತಕ ನೋಡದೆಯೇ ಹೇಳುತ್ತಾರೆ. ಅದೇ ಮನೆಯಲ್ಲಿ ಹದಿನೆಂಟು ವರ್ಷದ ಮಗನೊಬ್ಬ ಕಾಲೇಜು ತಂಡಕ್ಕೆ ವೇಗದ ಬೌಲಿಂಗ್ ಮಾಡುತ್ತಿದ್ದರೆ, ಕಳೆದ ವಾರ ಅವನು ಎಷ್ಟು ಚೆಂಡು ಎಸೆದ ಎಂದು ಕೇಳಿ ನೋಡಿ. ಹುಡುಗನಿಗೂ ಗೊತ್ತಿರುವುದಿಲ್ಲ, ಕ್ಯಾಪ್ಟನ್‌ಗೂ ಗೊತ್ತಿರುವುದಿಲ್ಲ, ಕಾಲೇಜಿನ ದೈಹಿಕ ಶಿಕ್ಷಣದ ಮೇಷ್ಟ್ರಿಗೂ ಗೊತ್ತಿರುವುದಿಲ್ಲ. ಇವತ್ತಿನ ನನ್ನ ಮಾತು ಆ ಲೆಕ್ಕದ ಬಗ್ಗೆ. ಎಳೆಯ ವಯಸ್ಸಿನ ವೇಗದ ಬೌಲರನ ಬೆನ್ನೋ ಭುಜವೋ ಕೈಕೊಟ್ಟಾಗ ನಾವು ಅದನ್ನು ಹಣೆಬರಹ ಎನ್ನುತ್ತೇವೆ, ಇಲ್ಲವೇ ಹುಡುಗನಿಗೆ ತಾಕತ್ತಿಲ್ಲ ಎನ್ನುತ್ತೇವೆ. ಬಹುಪಾಲು ಸಂದರ್ಭಗಳಲ್ಲಿ ಎರಡೂ ಸುಳ್ಳು. ಒಬ್ಬ ಹುಡುಗನನ್ನು ನಾಲ್ಕು ಕಡೆಯವರು ಬಳಸಿಕೊಂಡು, ಯಾರೊಬ್ಬರೂ ಒಟ್ಟು ಲೆಕ್ಕ ಇಡದಿದ್ದಾಗ ಆಗುವ ಪೆಟ್ಟು ಅದು. ಆ ಲೆಕ್ಕ ಇಡಲು ದೊಡ್ಡ ಊರಿನ ಅಕಾಡೆಮಿ ಬೇಕಿಲ್ಲ. ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್ಲು, ಅದನ್ನು ತೆರೆದು ನೋಡುವ ಒಬ್ಬ ಹಿರಿಯರು ಸಾಕು. ನಾನು ಹೇಳಬೇಕೆಂದಿರುವುದು ಇಷ್ಟೇ. ಉಳಿದ ಹೊತ್ತಿನಲ್ಲಿ ಇದಕ್ಕೆ ಆಧಾರಗಳೇನು, ಆಕ್ಷೇಪಗಳೇನು ಎಂದು ಒಂದೊಂದಾಗಿ ನೋಡೋಣ.

ವೇಗದ ಬೌಲಿಂಗ್ ನಮ್ಮ ಸೀಮೆಗೆ ಹೊರಗಿನ ಸಂಗತಿಯಲ್ಲ. ತಿಪಟೂರಿನಿಂದ ರೈಲು ಹತ್ತಿದರೆ ಮುಂದಿನ ದೊಡ್ಡ ನಿಲ್ದಾಣ ಅರಸೀಕೆರೆ, ಜಾವಗಲ್ ಆ ತಾಲ್ಲೂಕಿನ ಊರು. ಆ ಊರಿನ ಹೆಸರನ್ನು ಜಗತ್ತಿನ ಮೈದಾನಗಳಿಗೆಲ್ಲ ಒಯ್ದ ಶ್ರೀನಾಥ್ 1969ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು, ಅಲ್ಲಿನ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರು. 1989-90ರಲ್ಲಿ ಹೈದರಾಬಾದ್ ವಿರುದ್ಧ ಆಡಿದ ಮೊದಲ ರಣಜಿ ಪಂದ್ಯದಲ್ಲೇ ಹ್ಯಾಟ್ರಿಕ್ ಪಡೆದರು. 1991ರಲ್ಲಿ ಬ್ರಿಸ್ಬೇನ್‌ನಲ್ಲಿ ಟೆಸ್ಟ್‌ಗೆ ಕಾಲಿಟ್ಟು, 67 ಟೆಸ್ಟ್‌ಗಳಲ್ಲಿ 236 ವಿಕೆಟ್, 229 ಏಕದಿನ ಪಂದ್ಯಗಳಲ್ಲಿ 315 ವಿಕೆಟ್ ತೆಗೆದರು. 1996ರ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ಆಸ್ಟ್ರೇಲಿಯಾ ವಿರುದ್ಧ ಟೆಸ್ಟ್ ನಡೆದಾಗ ಶ್ರೀನಾಥ್ ಗಾಯಗೊಂಡಿದ್ದರು. ಅವರ ಜಾಗಕ್ಕೆ ಬಂದ ಡೇವಿಡ್ ಜಾನ್ಸನ್ ಹುಟ್ಟಿದ್ದು ಅರಸೀಕೆರೆಯಲ್ಲಿ. ಮರುವರ್ಷ ಶ್ರೀನಾಥ್ ಅವರ ಭುಜವೇ ಕೈಕೊಟ್ಟಿತು. ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿತು, ಶಸ್ತ್ರಚಿಕಿತ್ಸೆಯಾಯಿತು, ತಿಂಗಳುಗಟ್ಟಲೆ ಮೈದಾನದಿಂದ ದೂರ ಉಳಿಯಬೇಕಾಯಿತು. ಅವರು ಮತ್ತೆ ಎದ್ದು ಬಂದು 1999ರಲ್ಲಿ ಕೋಲ್ಕತ್ತದಲ್ಲಿ ಪಾಕಿಸ್ತಾನದ ವಿರುದ್ಧ ಒಂದೇ ಟೆಸ್ಟ್‌ನಲ್ಲಿ 13 ವಿಕೆಟ್ ತೆಗೆದದ್ದು ನಮಗೆಲ್ಲ ಹೆಮ್ಮೆಯ ನೆನಪು. ಆದರೆ ಅವರ ಹಿಂದೆ ನುರಿತ ಶಸ್ತ್ರವೈದ್ಯರಿದ್ದರು, ಮಂಡಳಿಯಿತ್ತು, ಕಾಯುತ್ತಿದ್ದ ತಂಡವಿತ್ತು. ಬೆಂಗಳೂರಿನ ಪ್ರಸಿದ್ಧ್ ಕೃಷ್ಣ ಅವರ ಕೆಳಬೆನ್ನಿನ ಮೂಳೆಯಲ್ಲಿ 2022ರಲ್ಲಿ ಬಿರುಕು ಬಿಟ್ಟಾಗಲೂ ಹಾಗೆಯೇ. ಶಸ್ತ್ರಚಿಕಿತ್ಸೆಯಾಗಿ, 2023ರ ಐಪಿಎಲ್ ಪೂರ್ತಿ ತಪ್ಪಿ, ಆ ವರ್ಷದ ಆಗಸ್ಟ್‌ನಲ್ಲಿ ಐರ್ಲೆಂಡ್‌ನಲ್ಲಿ ಅವರು ಮತ್ತೆ ಭಾರತಕ್ಕೆ ಆಡಿದರು. ಇಂಥ ಆಸರೆ ಸಿಗುವುದು ಮೇಲೆ ಹತ್ತಿದ ಮೇಲೆ. ಹತ್ತುವ ದಾರಿಯಲ್ಲೇ ಬೆನ್ನು ಹಿಡಿದುಕೊಂಡ ಹುಡುಗನಿಗೆ ಅದಿಲ್ಲ. ಅವನು ಸದ್ದಿಲ್ಲದೆ ಆಟ ಬಿಡುತ್ತಾನೆ.

ಒಂದು ಎಸೆತದಲ್ಲಿ ಮೈಯೊಳಗೆ ಏನಾಗುತ್ತದೆ ಎಂಬುದನ್ನು ಮೊದಲು ತಿಳಿಯೋಣ. ಬಲಗೈ ವೇಗದ ಬೌಲರ್ ಓಡಿಬಂದು ಕ್ರೀಸ್‌ನಲ್ಲಿ ಎಡಗಾಲನ್ನು ಊರಿದ ಕ್ಷಣ, ಅವನ ಮೈತೂಕದ ಐದಾರು ಪಟ್ಟಿನಷ್ಟು ಬಲ ನೆಲದಿಂದ ವಾಪಸು ಕಾಲಿಗೆ ಬಡಿಯುತ್ತದೆ. ಆ ಬಡಿತ ಮೊಣಕಾಲು, ಸೊಂಟ ದಾಟಿ ಕೆಳಬೆನ್ನಿಗೆ ಏರುತ್ತದೆ. ಅದೇ ಕ್ಷಣದಲ್ಲಿ ಬೆನ್ನು ಹಿಂದಕ್ಕೆ ಬಾಗಿರುತ್ತದೆ, ಪಕ್ಕಕ್ಕೆ ವಾಲುತ್ತಿರುತ್ತದೆ, ಜೊತೆಗೆ ತಿರುಚುತ್ತಲೂ ಇರುತ್ತದೆ. ಈ ಮೂರೂ ಸೇರಿ ಒತ್ತುವುದು ಬೆನ್ನುಮೂಳೆಯ ಕೆಳಗಿನ ಮಣಿಗಳ ಹಿಂಬದಿಯಲ್ಲಿರುವ ಒಂದು ತೆಳುವಾದ ಎಲುಬಿನ ಸೇತುವೆಯನ್ನು. ಬಲಗೈ ಬೌಲರನಿಗೆ ಬಹುತೇಕ ಎಡಗಡೆಯಲ್ಲೇ, ಎಡಗೈಯವನಿಗೆ ಬಲಗಡೆಯಲ್ಲೇ ಬಿರುಕು ಕಾಣಿಸಿಕೊಳ್ಳುವುದು ಈ ಕಾರಣಕ್ಕೆ. ಒಂದು ಎಸೆತದಿಂದ ಮೂಳೆ ಸೀಳುವುದಿಲ್ಲ. ಪ್ರತಿ ಎಸೆತವೂ ಕಣ್ಣಿಗೆ ಕಾಣದಷ್ಟು ಸಣ್ಣ ಸವೆತವನ್ನು ಬಿಟ್ಟುಹೋಗುತ್ತದೆ, ವಿಶ್ರಾಂತಿಯ ಹೊತ್ತಿನಲ್ಲಿ ಮೈ ಅದನ್ನು ತುಂಬಿಕೊಂಡು ಮೊದಲಿಗಿಂತ ಗಟ್ಟಿ ಮಾಡುತ್ತದೆ. ತುಂಬಿಕೊಳ್ಳುವುದಕ್ಕಿಂತ ಸವೆಯುವುದು ಮುಂದಾದರೆ ಬಿರುಕು. ಹದಿನೇಳು ಹದಿನೆಂಟರಲ್ಲಿ ಹುಡುಗ ಎತ್ತರಕ್ಕೆ ಬೆಳೆದು ಗಂಡಸಿನಂತೆ ಕಂಡರೂ ಕೆಳಬೆನ್ನಿನ ಎಲುಬು ಪೂರ್ತಿ ಬಲಿಯಲು ಇಪ್ಪತ್ತು ದಾಟಿ ಇನ್ನೂ ಕೆಲವು ವರ್ಷ ಬೇಕು. ಅಟ್ಟದ ಮೇಲೆ ಹಾಕಿದ ಕಾಯಿ ಹೊರಗಿನಿಂದ ಒಣಗಿದಂತೆ ಕಂಡ ಮಾತ್ರಕ್ಕೆ ಒಳಗೆ ಉಂಡೆ ಕೊಬ್ಬರಿ ಆಗಿರುವುದಿಲ್ಲ; ಹತ್ತು ಹನ್ನೆರಡು ತಿಂಗಳು ಕಾಯದೆ ಒಡೆದರೆ ನಷ್ಟ ಎಂಬುದು ನಮ್ಮ ಮನೆಗಳಲ್ಲಿ ಯಾರಿಗೂ ಹೇಳಿಕೊಡಬೇಕಾದ ಪಾಠವಲ್ಲ. ಹುಡುಗನ ಬೆನ್ನಿನ ವಿಷಯದಲ್ಲೂ ಅದೇ ತಾಳ್ಮೆ ಬೇಕು.

ಎಸೆತಗಳನ್ನು ಎಣಿಸಬೇಕು ಎಂಬ ವಿವೇಕವನ್ನು ಎಲ್ಲರಿಗಿಂತ ವಿವರವಾಗಿ ಕಲಿತದ್ದು ಬೇಸ್‌ಬಾಲ್ ಆಟ, ಅದೂ ಪೆಟ್ಟು ತಿಂದ ಮೇಲೆ. ನಮ್ಮಲ್ಲಿ ಬೌಲರ್ ಇದ್ದಂತೆ ಅಲ್ಲಿ ಪಿಚರ್. ನಮ್ಮ ಬೌಲರ್ ಎಸೆಯುವಾಗ ಮಡಚಿದ ಮೊಣಕೈಯನ್ನು ನೇರಮಾಡಬಾರದು ಎಂಬ ನಿಯಮವಿರುವುದರಿಂದ ಭಾರ ಬೆನ್ನಿಗೂ ಭುಜಕ್ಕೂ ಹೋಗುತ್ತದೆ. ಪಿಚರ್ ಮೊಣಕೈ ಮಡಚಿ ಚಾಟಿಯಂತೆ ಬೀಸುವುದರಿಂದ ಮೊಣಕೈ ಒಳಬದಿಯ ಅಸ್ಥಿರಜ್ಜು ಹರಿಯುತ್ತದೆ. 1974ರ ಸೆಪ್ಟೆಂಬರ್‌ನಲ್ಲಿ ವೈದ್ಯ ಫ್ರಾಂಕ್ ಜೋಬ್ ಅವರು ಟಾಮಿ ಜಾನ್ ಎಂಬ ಎಡಗೈ ಪಿಚರ್‌ನ ಹರಿದ ರಜ್ಜುವಿನ ಜಾಗಕ್ಕೆ ಅವನದೇ ಬಲಗೈಯ ಒಂದು ಸ್ನಾಯುರಜ್ಜುವನ್ನು ಹೊಲಿದರು. ಅವನು 1976ರಲ್ಲಿ ಮರಳಿ, 1989ರವರೆಗೂ ಆಡಿದ. ಆ ಶಸ್ತ್ರಚಿಕಿತ್ಸೆಗೆ ಅವನ ಹೆಸರೇ ನಿಂತಿತು. ಮುಂದೆ ಶಾಲಾ ಕಾಲೇಜಿನ ಮಕ್ಕಳೂ ಅದೇ ಶಸ್ತ್ರಚಿಕಿತ್ಸೆಗೆ ಸಾಲುಗಟ್ಟತೊಡಗಿದಾಗ ವೈದ್ಯರು ಕಾರಣ ಹುಡುಕಿದರು. 2006ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನ, ಶಸ್ತ್ರಚಿಕಿತ್ಸೆಯಾದ ಎಳೆಯ ಪಿಚರ್‌ಗಳನ್ನು ಗಾಯವಿಲ್ಲದವರ ಜೊತೆ ಹೋಲಿಸಿತು. ವರ್ಷದಲ್ಲಿ ಎಂಟು ತಿಂಗಳಿಗಿಂತ ಹೆಚ್ಚು ಕಾಲ ಎಸೆಯುತ್ತಿದ್ದವರಿಗೆ ಅಪಾಯ ಐದು ಪಟ್ಟು ಇತ್ತು. ತೋಳು ದಣಿದಿದ್ದರೂ ಮೇಲಿಂದ ಮೇಲೆ ಎಸೆಯುತ್ತಿದ್ದವರಿಗೆ ಮೂವತ್ತಾರು ಪಟ್ಟು. 481 ಎಳೆಯ ಪಿಚರ್‌ಗಳನ್ನು ಹತ್ತು ವರ್ಷ ಹಿಂಬಾಲಿಸಿದ ಇನ್ನೊಂದು ಅಧ್ಯಯನ 2011ರಲ್ಲಿ ಬಂತು. ಒಂದು ವರ್ಷದಲ್ಲಿ ನೂರು ಇನ್ನಿಂಗ್ಸ್ ಮೀರಿ ಎಸೆದವರು ಗಂಭೀರವಾಗಿ ಗಾಯಗೊಳ್ಳುವ ಸಂಭವ ಉಳಿದವರ ಮೂರೂವರೆ ಪಟ್ಟು ಎಂದು ಅದು ಕಂಡುಕೊಂಡಿತು. 2014ರಲ್ಲಿ ಅಲ್ಲಿನ ಬೇಸ್‌ಬಾಲ್ ಸಂಸ್ಥೆಗಳು ವಯಸ್ಸಿಗೆ ತಕ್ಕ ಮಿತಿಯನ್ನು ಹೊರಡಿಸಿದವು: 15-16 ವಯಸ್ಸಿಗೆ ದಿನಕ್ಕೆ 95 ಎಸೆತ, 17-18ಕ್ಕೆ 105, 19ರಿಂದ 22ರವರೆಗೆ 120. ಎಸೆತ ಏರಿದಂತೆ ವಿಶ್ರಾಂತಿಯ ದಿನಗಳೂ ಏರಬೇಕು. ಹದಿನೇಳರ ಹುಡುಗ 80 ದಾಟಿದರೆ ನಾಲ್ಕು ದಿನ ಪಿಚ್ ಮಾಡುವಂತಿಲ್ಲ.

ಜಪಾನಿನ ಉದಾಹರಣೆ ಇನ್ನೂ ಮನಮುಟ್ಟುವಂಥದ್ದು. ಅಲ್ಲಿ ಕೊಶಿಯೆನ್ ಎಂಬ ಪ್ರೌಢಶಾಲಾ ಬೇಸ್‌ಬಾಲ್ ಟೂರ್ನಿಯನ್ನು ದೇಶವೇ ನಿಂತು ನೋಡುತ್ತದೆ. 1998ರಲ್ಲಿ ದಾಯ್ಸುಕೆ ಮತ್ಸುಝಾಕ ಎಂಬ ಹುಡುಗ ಒಂದೇ ಪಂದ್ಯದಲ್ಲಿ 17 ಇನ್ನಿಂಗ್ಸ್, 250 ಎಸೆತ ಎಸೆದು ಮನೆಮಾತಾದ. 2013ರ ವಸಂತದ ಟೂರ್ನಿಯಲ್ಲಿ ತೊಮೊಹಿರೊ ಅನ್ರಕು ಎಂಬ ಇನ್ನೊಬ್ಬ ಹುಡುಗ ಐದು ಪಂದ್ಯಗಳಲ್ಲಿ 772 ಎಸೆತ ಎಸೆದ. ಸಹನೆಯನ್ನೂ ತ್ಯಾಗವನ್ನೂ ಆಟದ ಪ್ರಾಣವೆಂದು ನಂಬಿದ ಸಮಾಜ ಅದು. ಅಲ್ಲಿಯೂ ಹಿರಿಯರು ಕೂತು ಯೋಚಿಸಿ, 2020ರಲ್ಲಿ ಒಬ್ಬ ಪಿಚರ್‌ಗೆ ವಾರಕ್ಕೆ 500 ಎಸೆತ ಎಂಬ ಮಿತಿ ತಂದರು. ಮಿತಿ ಇನ್ನೂ ಕಡಿಮೆ ಇರಬೇಕಿತ್ತು ಎನ್ನುವವರಿದ್ದಾರೆ. ನನಗೆ ಮುಖ್ಯವಾಗಿ ಕಾಣುವುದು, ಅಷ್ಟು ಹಳೆಯ, ಅಷ್ಟು ಪ್ರೀತಿಯ ಆಚರಣೆಯೂ ಮಕ್ಕಳ ಮೈಗಿಂತ ದೊಡ್ಡದಲ್ಲ ಎಂದು ಅವರು ಒಪ್ಪಿಕೊಂಡದ್ದು.

ಕ್ರಿಕೆಟ್‌ನ ಆಧಾರಗಳಿಗೆ ಬರೋಣ. ಆಸ್ಟ್ರೇಲಿಯಾದ ಡೆನ್ನಿಸ್ ಲಿಲ್ಲಿ 1973ರಲ್ಲಿ ಬೆನ್ನುಮೂಳೆಯ ಬಿರುಕಿನಿಂದ ಆಟವೇ ಮುಗಿಯಿತೆನ್ನುವ ಸ್ಥಿತಿಗೆ ಬಂದು, ಕಷ್ಟಪಟ್ಟು ಮರಳಿದವರು. 1987ರಲ್ಲಿ ಚೆನ್ನೈನ ಎಂಆರ್‌ಎಫ್ ಪೇಸ್ ಫೌಂಡೇಶನ್‌ಗೆ ಬಂದು ನಮ್ಮ ಹುಡುಗರನ್ನು ತಯಾರು ಮಾಡಿದವರೂ ಅವರೇ. ಅವರ ನಾಡಿನಲ್ಲೇ 1989ರಲ್ಲಿ 82 ಎಳೆಯ ವೇಗದ ಬೌಲರ್‌ಗಳ ಅಧ್ಯಯನ ಪ್ರಕಟವಾಯಿತು. ಒಂದೇ ಋತುವಿನಲ್ಲಿ ಅವರಲ್ಲಿ ನೂರಕ್ಕೆ 11 ಮಂದಿಗೆ ಬೆನ್ನುಮೂಳೆಯಲ್ಲಿ ಬಿರುಕು, 27 ಮಂದಿಗೆ ಬೆನ್ನಿನ ಸ್ನಾಯುಗಳ ಗಾಯ. 2005ರ ಇನ್ನೊಂದು ಅಧ್ಯಯನ ವೇಗದ ಬೌಲಿಂಗ್ ಮಾಡುವ 44 ಹುಡುಗರ ಪ್ರತಿ ಎಸೆತವನ್ನೂ ದಿನಚರಿಯಲ್ಲಿ ಬರೆಸಿತು. ನಾಲ್ವರಲ್ಲಿ ಒಬ್ಬ ಅತಿಬಳಕೆಯಿಂದ ಗಾಯಗೊಂಡ. ಒಮ್ಮೆ ಬೌಲ್ ಮಾಡಿದ ಮೇಲೆ ಮತ್ತೆ ಬೌಲ್ ಮಾಡುವವರೆಗೆ ಸರಾಸರಿ ಮೂರೂವರೆ ದಿನದ ವಿಶ್ರಾಂತಿ ಸಿಕ್ಕವರಿಗಿಂತ, ಅದು ಸಿಗದವರಿಗೆ ಅಪಾಯ ಮೂರು ಪಟ್ಟು ಹೆಚ್ಚು. ದಿನಕ್ಕೆ ಐವತ್ತು ಚೆಂಡು ದಾಟಿದವರ ಕಡೆಗೂ ತಕ್ಕಡಿ ವಾಲಿತ್ತು. ದೊಡ್ಡವರ ಕ್ರಿಕೆಟ್‌ನ ಬಗ್ಗೆ 2009ರಲ್ಲಿ ಬಂದ ಅಧ್ಯಯನವಂತೂ ನಮ್ಮ ತೆಂಗಿನ ಸೀಮೆಯವರಿಗೆ ಕೂಡಲೇ ಅರ್ಥವಾಗುವಂಥದ್ದು. ಒಂದು ಪಂದ್ಯದಲ್ಲಿ ಐವತ್ತು ಓವರ್ ಮೀರಿ ಬೌಲ್ ಮಾಡಿದವರು ಆ ಪಂದ್ಯದಲ್ಲೇ ಬೀಳಲಿಲ್ಲ. ಅವರ ಗಾಯದ ಅಪಾಯ ಏರಿದ್ದು ಮುಂದಿನ ಮೂರು ನಾಲ್ಕು ವಾರಗಳಲ್ಲಿ. ಬರದ ವರ್ಷ ಮರ ಹಸಿರಾಗಿಯೇ ನಿಂತಿರುತ್ತದೆ, ಪೆಟ್ಟು ಕಾಣುವುದು ಮುಂದಿನ ಎರಡು ಮೂರು ವರ್ಷದ ಇಳುವರಿಯಲ್ಲಿ. ಹೊಂಬಾಳೆ ಒಳಗೇ ಕಟ್ಟಿಕೊಳ್ಳುವ ಹೊತ್ತಿನಲ್ಲಿ ನೀರು ತಪ್ಪಿತ್ತು ಎಂದು ರೈತ ಹಿಂದಕ್ಕೆ ಲೆಕ್ಕ ಹಾಕುತ್ತಾನೆ. ಬೌಲರನ ಬೆನ್ನೂ ಹಾಗೆ ತಡವಾಗಿ ಹೇಳುತ್ತದೆ. ಅದಕ್ಕೇ ಇವತ್ತು ನೋವಿಲ್ಲ ಎಂಬುದು ಸಾಕ್ಷಿಯಾಗಲಾರದು. ಹಿಂದಿನ ತಿಂಗಳ ಬರಹ ಕೈಯಲ್ಲಿದ್ದರೆ ಮಾತ್ರ ಮುಂದಿನ ತಿಂಗಳನ್ನು ಊಹಿಸಬಹುದು.

ಇನ್ನು ನಮ್ಮ ಕಾಲೇಜು ಹುಡುಗನ ವಾರವನ್ನು ಬಿಡಿಸಿ ನೋಡೋಣ. ಲೆಕ್ಕಕ್ಕೆಂದು ಒಂದು ವಾರ ಇಟ್ಟುಕೊಳ್ಳಿ. ಮಂಗಳವಾರ, ಬುಧವಾರ, ಗುರುವಾರ ಸಂಜೆ ನೆಟ್ಸ್‌ನಲ್ಲಿ ಅರವತ್ತರಂತೆ 180 ಎಸೆತ. ಶನಿವಾರ ಲೀಗ್ ಪಂದ್ಯದಲ್ಲಿ ಹತ್ತು ಓವರ್, ಅಂದರೆ 60 ಎಸೆತ. ಭಾನುವಾರ ಊರ ಜಾತ್ರೆಯ ಟೆನ್ನಿಸ್ ಬಾಲ್ ಟೂರ್ನಿ, ನಾಲ್ಕು ಪಂದ್ಯಕ್ಕೆ ಎರಡೆರಡು ಓವರ್‌ನಂತೆ 48 ಎಸೆತ. ಒಟ್ಟು 288. ಸ್ಕೋರ್ ಪುಸ್ತಕಕ್ಕೆ ಹೋಗಿ ಉಳಿಯುವುದು ಶನಿವಾರದ 60 ಮಾತ್ರ, ಐದರಲ್ಲಿ ಒಂದು ಪಾಲು. ಕಾಲೇಜು ತನ್ನ ಓವರ್ ನೋಡುತ್ತದೆ, ಕ್ಲಬ್ಬು ತನ್ನದನ್ನು, ಊರಿನ ತಂಡ ತನ್ನದನ್ನು. ಎಲ್ಲರ ಕಣ್ಣಿಗೂ ಹುಡುಗ ಮಾಡಿದ್ದು ಕಡಿಮೆಯೇ. ಎಲ್ಲವನ್ನೂ ಕೂಡಿಸಿ ಇಟ್ಟುಕೊಳ್ಳುವುದು ಅವನ ಬೆನ್ನುಮೂಳೆ ಒಂದೇ. ಇದು ನಮ್ಮೂರಿನ ಹುಳುಕು ಮಾತ್ರವಲ್ಲ. ಎಸೆತ ಎಣಿಸುವುದರಲ್ಲಿ ಪಳಗಿದ ಅಮೆರಿಕದಲ್ಲೇ, 34 ಪ್ರೌಢಶಾಲೆಗಳ 115 ಪಿಚರ್‌ಗಳನ್ನು ಪಂದ್ಯದ ದಿನ ಪಕ್ಕದಲ್ಲೇ ನಿಂತು ಎಣಿಸಿದಾಗ, ಮೈ ಬೆಚ್ಚಗಾಗಿಸಲು ಎಸೆದದ್ದೂ ಇನ್ನಿಂಗ್ಸ್ ನಡುವೆ ಎಸೆದದ್ದೂ ಸೇರಿ ನೂರಕ್ಕೆ 42ಕ್ಕೂ ಹೆಚ್ಚು ಎಸೆತಗಳು ಅಧಿಕೃತ ಲೆಕ್ಕಕ್ಕೆ ಸೇರಿರಲಿಲ್ಲ ಎಂದು 2018ರಲ್ಲಿ ಗೊತ್ತಾಯಿತು. ಮಿತಿ ಹಾಕಿದರೆ ಸಾಲದು. ಎಲ್ಲ ಎಸೆತಗಳೂ ಒಂದೇ ಪುಸ್ತಕಕ್ಕೆ ಬರಬೇಕು. ಟೆನ್ನಿಸ್ ಚೆಂಡು ಹಗುರ, ಅದರಿಂದ ಏನಾಗುತ್ತದೆ ಎನ್ನುವುದುಂಟು. ಚೆಂಡು ಹಗುರವಾದರೆ ಭುಜಕ್ಕೆ ಸ್ವಲ್ಪ ಬಿಡುವು ಸಿಕ್ಕೀತು. ಆದರೆ ನೆಲಕ್ಕೆ ಬಡಿಯುವುದು ಚೆಂಡಲ್ಲ, ಹುಡುಗನ ಕಾಲು. ಗಟ್ಟಿ ಬಯಲಿನಲ್ಲಿ, ತೆಳು ಅಡಿಯ ಬೂಟಿನಲ್ಲಿ, ಹಗುರ ಚೆಂಡಿಗೆ ವೇಗ ಕೊಡಲು ಮೈಯನ್ನು ಇನ್ನಷ್ಟು ಬೀಸಿ ಹಾಕುವ ಆ ಓವರ್‌ಗಳು ಕೆಳಬೆನ್ನಿನ ಲೆಕ್ಕದಲ್ಲಿ ಪೂರ್ತಿ ಓವರ್‌ಗಳೇ.

ಆಕ್ಷೇಪಗಳನ್ನು ಕೇಳೋಣ. ಮೊದಲನೆಯದು ಹಳಬರ ಮಾತು: ಕಪಿಲ್ ದೇವ್ ಯಾವ ನೋಟ್‌ಬುಕ್ಕು ಇಟ್ಟಿದ್ದರು? 1978ರಿಂದ 1994ರವರೆಗೆ 131 ಟೆಸ್ಟ್, 434 ವಿಕೆಟ್, ಗಾಯದ ಕಾರಣಕ್ಕೆ ಒಂದು ಟೆಸ್ಟೂ ತಪ್ಪಿಸಿಕೊಂಡವರಲ್ಲ. 2025ರ ಇಂಗ್ಲೆಂಡ್ ಸರಣಿಯಲ್ಲಿ ಮೊಹಮ್ಮದ್ ಸಿರಾಜ್ ಐದೂ ಟೆಸ್ಟ್ ಆಡಿ 185 ಓವರ್ ದಾಟಿ ಬೌಲ್ ಮಾಡಿ 23 ವಿಕೆಟ್ ತೆಗೆದಾಗ, ಸುನಿಲ್ ಗಾವಸ್ಕರ್ ಅವರಂಥ ಹಿರಿಯರೇ ಹೊರೆಯ ಮಾತನ್ನು ಬದಿಗಿಡಿ ಎಂದರು. ಇಬ್ಬರೂ ಅಪರೂಪದ ಆಟಗಾರರು, ಅವರ ದುಡಿಮೆಗೆ ತಲೆಬಾಗುತ್ತೇನೆ. ಆದರೆ ಉಳಿದು ಬಂದವರನ್ನು ಮಾತ್ರ ಎಣಿಸುವ ಲೆಕ್ಕ ಅರ್ಧ ಲೆಕ್ಕ. ಬರಕ್ಕೆ ಜಗ್ಗದ ಒಂದು ಮರವನ್ನು ತೋರಿಸಿ ತೋಟಕ್ಕೆ ನೀರೇ ಬೇಡ ಎಂದು ಯಾರೂ ಹೇಳುವುದಿಲ್ಲ. ಕಪಿಲ್ ಕಾಲದಲ್ಲಿ ಹದಿನೆಂಟರಲ್ಲೇ ಬೆನ್ನು ಮುರಿದುಕೊಂಡ ಹುಡುಗರ ಹೆಸರು ಯಾವ ದಾಖಲೆಯಲ್ಲೂ ಇಲ್ಲ. ಇಲ್ಲದಿರುವುದಕ್ಕೆ ಕಾರಣ ಅವರು ಆಟ ಬಿಟ್ಟದ್ದು. ಜಸ್‌ಪ್ರೀತ್ ಬುಮ್ರಾ ಅವರ ಹಾದಿಯನ್ನೂ ಪಕ್ಕದಲ್ಲಿಟ್ಟು ನೋಡಬೇಕು. 2019ರಲ್ಲಿ ಕೆಳಬೆನ್ನಿನಲ್ಲಿ ಬಿರುಕು, 2022ರಲ್ಲಿ ಮತ್ತೆ ಬೆನ್ನು, 2023ರಲ್ಲಿ ನ್ಯೂಜಿಲೆಂಡ್‌ನಲ್ಲಿ ಶಸ್ತ್ರಚಿಕಿತ್ಸೆ. ಆಸ್ಟ್ರೇಲಿಯಾದಲ್ಲಿ ಒಂದೇ ಸರಣಿಯಲ್ಲಿ 150 ಓವರ್ ಮೀರಿ, 32 ವಿಕೆಟ್ ತೆಗೆದು, 2025ರ ಜನವರಿಯಲ್ಲಿ ಸಿಡ್ನಿಯ ಕೊನೆಯ ಇನ್ನಿಂಗ್ಸ್‌ನಲ್ಲಿ ಚೆಂಡು ಹಿಡಿಯಲಾರದೆ ಕೂತರು. ಸಿರಾಜ್‌ಗೂ ಬುಮ್ರಾಗೂ ಮೈ ಬೇರೆ, ಆ್ಯಕ್ಷನ್ ಬೇರೆ, ಹಿಂದಿನ ಗಾಯ ಬೇರೆ. ಒಬ್ಬೊಬ್ಬರ ಮೈ ಒಂದೊಂದು ಬಗೆ ಎನ್ನುವುದೇ ಒಬ್ಬೊಬ್ಬರಿಗೂ ಬೇರೆ ಬೇರೆ ಲೆಕ್ಕ ಬೇಕು ಎನ್ನಲು ಆಧಾರ.

ಎರಡನೆಯ ಆಕ್ಷೇಪದಲ್ಲಿ ಹುರುಳಿದೆ: ಬೌಲ್ ಮಾಡದೆ ಬೌಲರ್ ಬಲಿಯುವುದಿಲ್ಲ, ಮೆತ್ತಗೆ ಸಾಕಿದರೆ ಮೈ ಮೆತ್ತಗೇ ಉಳಿಯುತ್ತದೆ. ನಿಜ. 2003ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದು ಉನ್ನತ ಮಟ್ಟದ 90 ವೇಗದ ಬೌಲರ್‌ಗಳನ್ನು ಎರಡು ಋತು ಗಮನಿಸಿತು. ವಾರಕ್ಕೆ 188 ಎಸೆತ ಮೀರಿದವರಿಗೂ ಅಪಾಯ ಹೆಚ್ಚಿತ್ತು, 123ಕ್ಕಿಂತ ಕಡಿಮೆ ಎಸೆದವರಿಗೂ ಹೆಚ್ಚಿತ್ತು. ಎರಡು ದಿನವೂ ಬಿಡುವಿಲ್ಲದವರಿಗೂ ಕಷ್ಟ, ಐದು ದಿನ ಮೀರಿ ಚೆಂಡು ಬಿಟ್ಟವರಿಗೂ ಕಷ್ಟ. ಆದ್ದರಿಂದ ನಾನು ಕೇಳುತ್ತಿರುವುದು ಕಡಿಮೆ ಬೌಲಿಂಗ್ ಅಲ್ಲ, ಹದವಾದ ಬೌಲಿಂಗ್. ಹದ ತಪ್ಪುವುದಕ್ಕೆ ಕಾಲೇಜಿನ ವೇಳಾಪಟ್ಟಿಯಷ್ಟು ಸುಲಭದ ಜಾಗ ಬೇರೆ ಇಲ್ಲ. ಪರೀಕ್ಷೆ ಎಂದು ಒಂದೂವರೆ ತಿಂಗಳು ಚೆಂಡು ಮುಟ್ಟದ ಹುಡುಗ, ಅಂತರ ಕಾಲೇಜು ಟೂರ್ನಿ ಬಂತೆಂದು ಮೂರು ನಾಲ್ಕು ದಿನ ಒಂದೇ ಸಮನೆ ಓವರ್ ಹಾಕುತ್ತಾನೆ. 2014ರಲ್ಲಿ ವೇಗದ ಬೌಲರ್‌ಗಳ ಬಗ್ಗೆ ಬಂದ ಇನ್ನೊಂದು ಅಧ್ಯಯನ ಹೇಳಿದ್ದು ಇದನ್ನೇ: ಹಿಂದಿನ ನಾಲ್ಕು ವಾರದ ಸರಾಸರಿಯ ಎರಡು ಪಟ್ಟಿಗಿಂತ ಹೆಚ್ಚಿನ ಹೊರೆ ಒಂದೇ ವಾರದಲ್ಲಿ ಬಿದ್ದರೆ, ಮರುವಾರ ಗಾಯದ ಅಪಾಯ ಮೂರು ಪಟ್ಟು ಮೀರುತ್ತದೆ. ಈ ಅನುಪಾತದ ಗಣಿತವನ್ನು ಆಮೇಲೆ ಹಲವು ತಜ್ಞರು ಪ್ರಶ್ನಿಸಿದ್ದಾರೆ, ಆ ಪ್ರಶ್ನೆಗಳು ಗಟ್ಟಿಯಾಗಿಯೇ ಇವೆ. ಇಲ್ಲಿ ಹೇಳಿದ ಅಧ್ಯಯನಗಳಲ್ಲಿ ಹಲವು ಚಿಕ್ಕವು, ಬೇರೆ ನೆಲದವು ಎಂಬುದೂ ನಿಜ. ಅದಕ್ಕೇ ನಾನು 188 ಎಂಬ ಅಂಕಿಯನ್ನು ಗೋಡೆಯ ಮೇಲೆ ಬರೆಯಿರಿ ಎನ್ನುತ್ತಿಲ್ಲ. ಬೇರೆ ಬೇರೆ ದೇಶ, ಬೇರೆ ಬೇರೆ ಆಟ, ಬೇರೆ ಬೇರೆ ಕಾಲದ ಅಧ್ಯಯನಗಳು ಒಂದೇ ದಿಕ್ಕಿಗೆ ಕೈತೋರುತ್ತಿರುವಾಗ ಆ ದಿಕ್ಕನ್ನು ನಂಬಬಹುದು: ಒಮ್ಮೆಗೇ ಏರಿಸಬೇಡಿ, ಒಮ್ಮೆಗೇ ನಿಲ್ಲಿಸಬೇಡಿ, ನಡುವೆ ಬಿಡುವು ಕೊಡಿ, ದಣಿದಾಗ ಎಸೆಯಬೇಡಿ.

ಮೂರನೆಯವರು ಹೇಳುವುದು, ತಪ್ಪು ಇರುವುದು ಆ್ಯಕ್ಷನ್‌ನಲ್ಲಿ, ಎಣಿಕೆಯಲ್ಲಲ್ಲ ಎಂದು. ಸೊಂಟ ಒಂದು ಕಡೆಗೆ, ಭುಜ ಇನ್ನೊಂದು ಕಡೆಗೆ ತಿರುಗುವ ಮಿಶ್ರ ಆ್ಯಕ್ಷನ್ ಬೆನ್ನಿಗೆ ಕೆಟ್ಟದ್ದು ಎಂಬುದನ್ನು 1989ರ ಆ ಅಧ್ಯಯನದ ಕಾಲದಿಂದಲೂ ತಜ್ಞರು ಹೇಳುತ್ತ ಬಂದಿದ್ದಾರೆ. ತಿದ್ದಬಲ್ಲ ಕೋಚ್ ಸಿಕ್ಕರೆ ಖಂಡಿತ ತಿದ್ದಿಸಿಕೊಳ್ಳಬೇಕು. ಆದರೆ ಅಂಥ ಕೋಚ್ ಚಿಕ್ಕನಾಯಕನಹಳ್ಳಿಯಲ್ಲೋ ತುರುವೇಕೆರೆಯಲ್ಲೋ ಎಲ್ಲ ಹುಡುಗರ ಕೈಗೂ ಸಿಗುತ್ತಾರೆಯೇ? ಸಿಕ್ಕರೂ ತಿದ್ದಲು ತಿಂಗಳುಗಳು ಬೇಕು. ಎಣಿಸಲು ಇವತ್ತೇ ಶುರು ಮಾಡಬಹುದು. ಅದೂ ಅಲ್ಲದೆ, ಚೆನ್ನಾಗಿರುವ ಆ್ಯಕ್ಷನ್ ಕೂಡ ದಣಿವಿನಲ್ಲಿ ಕೆಡುತ್ತದೆ. ಹತ್ತನೆಯ ಓವರ್‌ನಲ್ಲಿ ಕಾಲು ಎಳೆಯುತ್ತದೆ, ತಲೆ ಪಕ್ಕಕ್ಕೆ ಬೀಳುತ್ತದೆ, ಮುಂಗಾಲಿನ ಕೆಲಸವನ್ನು ಬೆನ್ನು ಮಾಡತೊಡಗುತ್ತದೆ. ಎಣಿಕೆ ಆ್ಯಕ್ಷನ್‌ಗೂ ಕಾವಲು.

ಕೊನೆಯ ಆಕ್ಷೇಪ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವಂಥದ್ದು. ಊರ ಹುಡುಗನಿಗೆ ಸಿಗುವುದು ಒಂದೇ ಅವಕಾಶ. ತುಮಕೂರು ವಲಯದ ಆಯ್ಕೆ ನಡೆಯುವ ದಿನ, ವಿಶ್ವವಿದ್ಯಾಲಯ ತಂಡಕ್ಕೆ ಕರೆ ಬಂದ ದಿನ, ಬೆನ್ನು ಹಿಡಿದಿದೆ ಸರ್ ಎನ್ನಲು ಅವನಿಗೆ ಬಾಯಿ ಬರುತ್ತದೆಯೇ? ಅಪ್ಪ ತೋಟದ ಕೆಲಸ ಬಿಟ್ಟು ಬಸ್ಸಿಗೆ ದುಡ್ಡು ಕೊಟ್ಟು ಕಳಿಸಿರುತ್ತಾರೆ. ಅಂಥವನ ಮುಂದೆ ವಿಶ್ರಾಂತಿಯ ಮಾತಾಡುವುದು ಉಳ್ಳವರ ಉಪದೇಶ ಎಂದು ಯಾರಾದರೂ ಹೇಳಿದರೆ, ಆ ಮಾತಿನ ಹಿಂದಿನ ನೋವನ್ನು ನಾನು ಒಪ್ಪುತ್ತೇನೆ. ತೀರ್ಮಾನವನ್ನು ಒಪ್ಪಲಾರೆ. ಬೆನ್ನಿನ ಬಿರುಕು ಮಾಗಲು ಹಲವು ತಿಂಗಳು ಬೇಕು. ಆ ತಿಂಗಳುಗಳಲ್ಲಿ ಉಳ್ಳವನ ಮಗನಿಗೆ ಫಿಜಿಯೊಥೆರಪಿ ಇದೆ, ಇನ್ನೊಂದು ವರ್ಷ ಕಾಯುವ ಅನುಕೂಲವಿದೆ. ಒಂದೇ ಅವಕಾಶವಿರುವವನಿಗೆ ಒಂದೇ ಬೆನ್ನು ಕೂಡ. ಅದನ್ನು ಕಾಯಬೇಕಾದ ಅಗತ್ಯ ಅವನಿಗೇ ಹೆಚ್ಚು. ಇಲ್ಲ ಎನ್ನುವ ಭಾರವನ್ನು ಹುಡುಗನ ತಲೆಗೆ ಕಟ್ಟಬಾರದು ಎಂಬುದೂ ಇದರಿಂದಲೇ ಹೊರಡುವ ಮಾತು. ಜಪಾನಿನಲ್ಲಿ ಸಾಕು ಎಂದು ಹೇಳಿದ್ದು ಮಕ್ಕಳಲ್ಲ, ದೊಡ್ಡವರು ಕೂತು ಮಾಡಿದ ನಿಯಮ. ನಿಯಮ ಇಲ್ಲ ಎಂದರೆ ಹುಡುಗನ ಮಾನಕ್ಕೆ ಕುಂದಿಲ್ಲ, ತಂಡದಲ್ಲಿ ಅವನ ಜಾಗಕ್ಕೂ ಕುತ್ತಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ವೇಗದ ಬೌಲಿಂಗ್ ಮಾಡುವ ಪ್ರತಿ ಹುಡುಗನೂ, ಪ್ರತಿ ಹುಡುಗಿಯೂ ಒಂದು ನೋಟ್‌ಬುಕ್ಕು ಇಟ್ಟುಕೊಳ್ಳಲಿ. ದಿನಕ್ಕೊಂದು ಸಾಲು: ತಾರೀಖು, ಯಾವ ತಂಡಕ್ಕೆ, ಪಂದ್ಯವೋ ನೆಟ್ಸೋ ಟೆನ್ನಿಸ್ ಚೆಂಡೋ, ಎಷ್ಟು ಎಸೆತ, ಮೈ ಹೇಗಿತ್ತು. ವಾರದ ಕೊನೆಗೆ ಕೂಡಿಸಲಿ. ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು ಸೋಮವಾರ ಅದನ್ನು ನೋಡಿ ಸಹಿ ಹಾಕಲಿ. ಕ್ಲಬ್ಬಿನವರು, ಊರಿನ ತಂಡದವರು ಓವರ್ ಕೇಳುವ ಮೊದಲು ಪುಸ್ತಕ ಕೇಳಲಿ. ಮಿತಿ ಎಷ್ಟು ಎನ್ನುವವರಿಗೆ ಇಂಗ್ಲೆಂಡಿನಲ್ಲಿ ಹಲವು ವರ್ಷ ಜಾರಿಯಲ್ಲಿದ್ದ ಪಟ್ಟಿ ದಾರಿ ತೋರುತ್ತದೆ: ಹದಿಮೂರರೊಳಗಿನವರಿಗೆ ಒಂದು ಸ್ಪೆಲ್‌ಗೆ 5 ಓವರ್, ದಿನಕ್ಕೆ 10; ಹದಿನೈದರೊಳಗೆ 6 ಮತ್ತು 12; ಹತ್ತೊಂಬತ್ತರೊಳಗೆ 7 ಮತ್ತು 18. ವಾರದಲ್ಲಿ ನಾಲ್ಕು ದಿನಕ್ಕಿಂತ ಹೆಚ್ಚು ಬೇಡ, ಸತತ ಎರಡು ದಿನಕ್ಕಿಂತ ಹೆಚ್ಚು ಬೇಡ. ಇವು ಮೀರಬಾರದ ಗಡಿಗಳೇ ಹೊರತು ಮುಟ್ಟಲೇಬೇಕಾದ ಗುರಿಗಳಲ್ಲ. ಪರೀಕ್ಷೆಯ ದಿನಗಳಲ್ಲೂ ವಾರಕ್ಕೆರಡು ಸಂಜೆ ನಾಲ್ಕು ಓವರ್ ಹಾಕಿ ಮೈಯನ್ನು ಎಚ್ಚರವಾಗಿಡಲಿ; ಪೂರ್ತಿ ಬಿಟ್ಟಿದ್ದರೆ ಟೂರ್ನಿಗೆ ಮೂರು ನಾಲ್ಕು ವಾರ ಮುಂಚೆಯೇ ಮೆಲ್ಲಗೆ ಏರಿಸುತ್ತ ಬರಲಿ. ಟೂರ್ನಿ ನಡೆಸುವವರು ಒಬ್ಬ ಬೌಲರ್‌ಗೆ ದಿನಕ್ಕೆ ಇಷ್ಟೇ ಓವರ್ ಎಂದು ಕರಪತ್ರದಲ್ಲೇ ಅಚ್ಚು ಹಾಕಿಸಲಿ. ಇನ್ನೊಂದು ಮಾತನ್ನು ಮನೆಯವರು ನೆನಪಿಡಬೇಕು. ಬೌಲಿಂಗ್ ಕೈಯ ಎದುರು ಬದಿಯಲ್ಲಿ, ಕೆಳಬೆನ್ನಿನಲ್ಲಿ, ಹಿಂದಕ್ಕೆ ಬಾಗಿದಾಗ ಚುಚ್ಚುವ ನೋವು ವಾರ ಕಳೆದರೂ ಹೋಗದಿದ್ದರೆ ಅದನ್ನು ಉಳುಕು ಎಂದು ಎಣ್ಣೆ ತಿಕ್ಕಿ ಮುಚ್ಚಿಡಬೇಡಿ. ಬೌಲಿಂಗ್ ನಿಲ್ಲಿಸಿ ಮೂಳೆ ವೈದ್ಯರನ್ನು ಕಾಣಿ. ಮೊದಲ ಹಂತದ ಬಿರುಕು ಎಕ್ಸ್‌ರೇಯಲ್ಲಿ ಹಲವು ಸಲ ಕಾಣುವುದೇ ಇಲ್ಲ, ಎಂಆರ್‌ಐಯಲ್ಲಿ ಕಾಣುತ್ತದೆ. ಬೇಗ ಕಂಡರೆ ಬೇಗ ಮಾಗುತ್ತದೆ.

ಶ್ರೀನಾಥ್ ಟೆಸ್ಟ್‌ನಲ್ಲಿ ಎಸೆದದ್ದು ಹದಿನೈದು ಸಾವಿರಕ್ಕೂ ಹೆಚ್ಚು ಚೆಂಡು, ಏಕದಿನ ಪಂದ್ಯಗಳಲ್ಲಿ ಸುಮಾರು ಹನ್ನೆರಡು ಸಾವಿರ. ಅವುಗಳಲ್ಲಿ ಒಂದೊಂದಕ್ಕೂ ಸ್ಕೋರ್ ಪುಸ್ತಕದಲ್ಲಿ ಒಂದು ಚುಕ್ಕೆಯಿದೆ, ಏಕೆಂದರೆ ಆ ಚೆಂಡುಗಳಿಗೆ ಬೆಲೆಯಿದೆ ಎಂದು ಎಲ್ಲರಿಗೂ ಗೊತ್ತಿತ್ತು. ನಮ್ಮ ಸೀಮೆಯ ಹುಡುಗ ಸಂಜೆ ಬಯಲಿನಲ್ಲಿ ಎಸೆಯುವ ಚೆಂಡಿಗೂ ಬೆಲೆಯಿದೆ, ಅದನ್ನು ಕೊಡುತ್ತಿರುವುದು ಅವನ ಮೂಳೆ. ಎಣಿಸುವುದೆಂದರೆ ಆ ಬೆಲೆಯನ್ನು ನಾವು ಕಂಡಿದ್ದೇವೆ ಎಂದು ಅವನಿಗೆ ತಿಳಿಸುವುದು. ಈ ಮಾತು ಮುಗಿದ ಮೇಲೆ, ನಿಮ್ಮ ಮನೆಯಲ್ಲಿ ಅಂಥ ಹುಡುಗನೊಬ್ಬ ಇದ್ದರೆ ಕರೆದು ಕೇಳಿ: ಈ ವಾರ ಎಷ್ಟು ಚೆಂಡು ಹಾಕಿದೆಯಪ್ಪ? ಅವನು ಉತ್ತರಕ್ಕೆ ತಡಕಾಡಿದರೆ, ಒಂದು ನೋಟ್‌ಬುಕ್ಕು ಕೊಟ್ಟು ಇವತ್ತಿನ ತಾರೀಖು ಬರೆಸಿ.